ಎಂಟನೇ ನಂಬರಿನ ಟ್ಯಾಗ್

ಮಾರ್ಚ್ 18, ಮಂಗಳವಾರ. ಸಂಜೆ 5

ಬೆಳಿಗ್ಗೆ ಪ್ಲಾಂಟಿನ ಗೇಟಿನ ಬೋರ್ಡಿನಲ್ಲಿ 41 ಟ್ಯಾಗ್, ಒಳಗಿರುವ ಒಬ್ಬೊಬ್ಬನಿಗೆ ಒಂದು. ಮಧ್ಯಾಹ್ನ ಸೈರನ್ ಡ್ರಿಲ್. ಹತ್ತು ನಿಮಿಷದಲ್ಲಿ ಬೋರ್ಡ್ ಖಾಲಿ. ಅಂದರೆ ಒಳಗೆ ಯಾರೂ ಇಲ್ಲ. ಬೆಂಕಿ ಬಿದ್ದರೂ ಯಾರನ್ನೂ ಹುಡುಕಬೇಕಾಗಿಲ್ಲ.

ಆದರೆ ಒಬ್ಬ ಇದ್ದ. ಅತೀಕುರ್ರಹ್ಮಾನ್, ಪೇಂಟರ್, ಬಾಂಗ್ಲಾದವನು. ಮೂರನೇ ಅಟ್ಟಳಿಗೆಯಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದ. ಸೈರನ್ ಕೇಳಿಸಲಿಲ್ಲವಂತೆ. ಅವನ ಟ್ಯಾಗ್ ತೆಗೆದದ್ದು ಸೀನ — ನಮ್ಮ ಊರ ಕಡೆಯವನೇ, ಸ್ಕಫೋಲ್ಡಿಂಗ್ ಕೆಲಸ. ತನ್ನದರ ಜೊತೆಗೆ ಗೆಳೆಯನದ್ದನ್ನೂ ಎತ್ತಿಕೊಂಡು ಬಂದಿದ್ದಾನೆ.

"ದೇಜಪ್ಪಣ್ಣ, ಅವ ನನ್ನ ಹಿಂದೆಯೇ ಇದ್ದಾನೆ ಅಂತ ಗ್ರಹಿಸಿದೆ. ಕೈ ಹೋಯ್ತು, ಅಷ್ಟೆ."

ಕೈ ಹೋಯ್ತಂತೆ! ಒಳಗೆ ಹೋಗುವವನು ತನ್ನ ಟ್ಯಾಗ್ ತಾನೇ ನೇತುಹಾಕಬೇಕು, ಹೊರಗೆ ಬಂದವನು ತಾನೇ ತೆಗೆಯಬೇಕು. ಸೇಫ್ಟಿಗೆ ಬಂದ ಮೇಲೆ ಎಂಟು ವರ್ಷದಿಂದ ಬೊಬ್ಬೆ ಹೊಡೆಯುತ್ತಿದ್ದೇನೆ. ರಿಪೋರ್ಟ್ ಬರೆದೆ. ಏಪ್ರಿಲ್ 20ಕ್ಕೆ ವಿಚಾರಣೆ. ಕೆಲಸ ಹೋಗಬಹುದು, ಫೈನಲ್ ಎಕ್ಸಿಟ್ ಹೊಡೆದು ಊರಿಗೆ ಕಳಿಸಬಹುದು.

ಮನೆಗೆ ಬಂದು ಹೇಳಿದರೆ ಹೆಂಡತಿ ಅಮ್ಮಣ್ಣಿಗೆ ಕನಿಕರ. "ಪಾಪ, ಎರಡು ಹೆಣ್ಣುಮಕ್ಕಳಂತೆ ಅವನಿಗೆ."

"ಇನ್ನೊಬ್ಬನ ಟ್ಯಾಗ್ ತೆಗೆದ ಕೈ, ಅವನ ಕುತ್ತಿಗೆ ಹಿಸುಕಿದ ಕೈ" ಎಂದೆ.

ಇಲ್ಲಿ ಬರೆದುಕೊಳ್ಳಬಹುದು, ಯಾರು ಓದುತ್ತಾರೆ. ಸೀನನ ಕೈ ಎರಡು ಮೊಳೆಗೆ ಒಟ್ಟಿಗೆ ಹೋದದ್ದು ದೂರದಿಂದಲೇ ಕಂಡಿತ್ತು ನನಗೆ. ಆ ಕೈ ಗೊತ್ತು. ಫಿಟ್ಟರ್ ಆಗಿದ್ದಾಗ ಹನ್ನೊಂದು ವರ್ಷ ನಾನೂ ನನ್ನ ರೂಮಿನ ಗೆಳೆಯ ಹಸನ್ ಕುಂಞಿಯೂ ಮಾಡಿದ್ದು ಅದನ್ನೇ. ಅವನದ್ದು ನಾನು, ನನ್ನದು ಅವನು. ಬಸ್ಸಿಗೆ ಓಡುವ ಅವಸರ. ನಮಗೆ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ.

ಮಾರ್ಚ್ 25, ಮಂಗಳವಾರ

ಈದ್ ಪೆರ್ನಾಲಿನ ರಜೆಗೆ ನಮ್ಮೂರ ಕಡೆಯವರ ಟೂರ್. ಖೋಬರಿನ ಅಬ್ದುಲ್ ಲತೀಫ್ ಎಲ್ಲ ಗೊತ್ತು ಮಾಡಿದ್ದಾನೆ. ದಮ್ಮಾಮಿನಿಂದ ಅಭಾಕ್ಕೆ ವಿಮಾನ, ಅಲ್ಲಿಂದ ಕೋಸ್ಟರ್ ಬಸ್. ಬೆಟ್ಟದ ಮೇಲೆ ಕಲ್ಲಿನ ಹಳೇ ಊರು. ಊರ ಬಾಗಿಲಿನಿಂದ ಹೊರಟು, ಕಾಡಿನೊಳಗೆ ಒಂದು ಸುತ್ತು ಬಂದು, ಅದೇ ಬಾಗಿಲಿಗೆ ವಾಪಸ್. ಐದು ಕಿಲೋಮೀಟರ್. ಸೌದಿಯಲ್ಲಿ ಕಾಡು! ನಾನು ನಂಬಲಿಲ್ಲ. ಫೋಟೋ ತೋರಿಸಿದ. ಅರಾರ್ ಮರಗಳಂತೆ, ಹಸಿರೋ ಹಸಿರು.

ನನಗೆ ಮನಸ್ಸಿಲ್ಲ. ಗುರುತಿಲ್ಲದ ಜಾಗ, ಪ್ರಪಾತ, ಇಪ್ಪತ್ತೆರಡು ಜನ.

ಅಮ್ಮಣ್ಣಿ ಬಿಡುವವಳಲ್ಲ. ವಿಸಿಟ್ ವೀಸಾದಲ್ಲಿ ಬಂದು ಒಂದೂವರೆ ತಿಂಗಳಾಯಿತು. "ಎಸಿ ಒಳಗೆ ಕೂತು ಕೂತು ಹಪ್ಪಳ ಆಗಿದ್ದೇನೆ. ಒಂದು ಮರ ಮುಟ್ಟಬೇಕು ನನಗೆ. ನೀವು ಬರದಿದ್ದರೆ ಹಸನಣ್ಣನ ಒಟ್ಟಿಗೆ ಹೋಗ್ತೇನೆ."

ಪ್ಲೈವುಡ್ ತುಂಡಿನಲ್ಲಿ ಇಪ್ಪತ್ತೆರಡು ಟ್ಯಾಗ್ ಮಾಡಿದೆ. ಕೆಂಪು ಪೇಂಟಿನಲ್ಲಿ ನಂಬರ್. ನನ್ನದು 7, ಅವಳದ್ದು 8. ಒಂದು ಬೋರ್ಡೂ ಆಯಿತು. ಇಷ್ಟಾದ ಮೇಲೆ ಜೀವಕ್ಕೆ ಸ್ವಲ್ಪ ಸಮಾಧಾನ.

ಮಾರ್ಚ್ 31, ಸೋಮವಾರ. ಅಭಾ

ಚಳಿ. ಕಿವಿ ಮುಚ್ಚಿಕೊಂಡಿದೆ. ಹೋಟೆಲಿನಲ್ಲಿ ಎಲ್ಲರನ್ನೂ ಕೂರಿಸಿ ಟ್ಯಾಗ್ ಕೊಟ್ಟೆ, ನಿಯಮ ಹೇಳಿದೆ: ಕಾಡಿಗೆ ಹೊರಡುವಾಗ ನೇತುಹಾಕಬೇಕು, ಊರಿಗೆ ವಾಪಸಾದವನು ತನ್ನದನ್ನು ತಾನೇ ತೆಗೆಯಬೇಕು.

ಲತೀಫ್ ನಗಾಡಿದ. "ಎಂತ ದೇಜಪ್ಪಣ್ಣ, ಇದು ಟೂರಾ, ಪ್ಲಾಂಟಿನ ಶಟ್‌ಡೌನ್ ಕೆಲಸವಾ? ಹೆಲ್ಮೆಟ್ ಬೇಡವಾ?"

ನಗಲಿ. ಅಮ್ಮಣ್ಣಿಗೆ ಬೇರೆಯಾಗಿ ಹೇಳಿದೆ. ದಾರಿ ತಪ್ಪಿದರೆ ಅಲ್ಲಾಡಬೇಡ, ಕೂತಲ್ಲೇ ಕೂರು. ಬೋರ್ಡಿನಲ್ಲಿ ನಿನ್ನ ಟ್ಯಾಗ್ ಉಳಿದಿರುತ್ತದೆ, ಎಣಿಸುವವನು ಹುಡುಕಿಕೊಂಡು ಬರುತ್ತಾನೆ.

"ಗೊತ್ತುಂಟು ಮಾರಾಯ್ರೇ. ಹದಿನೈದು ವರ್ಷ ಬೀಡಿ ಕಟ್ಟಿದವಳು ನಾನು. ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ. ಎಣಿಸುವುದು ನನಗೆ ಕಲಿಸಬೇಡಿ."

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ 8.50. ಊರ ಬಾಗಿಲು. ನಾಲ್ಕಂತಸ್ತಿನ ಕಲ್ಲುಮನೆಗಳು, ಹೆಚ್ಚಿನವು ಕುಸಿದಿವೆ. ಒಂದನ್ನು ಮ್ಯೂಸಿಯಂ ಮಾಡಿದ್ದಾರೆ. ನೋಡಿಕೊಳ್ಳುವವಳು ಹನೀನ್ ಎಂಬ ಇಲ್ಲಿಯದೇ ಹುಡುಗಿ, ಒಳ್ಳೆ ಇಂಗ್ಲಿಷ್. ಊರ ಹೊರಗೆ ಕಾವಲು ಗೋಪುರ. ದಾರಿಯ ಕಲ್ಲುಗಳಿಗೆ ಬಿಳಿ ಪೇಂಟಿನ ಗುರುತು. ಮಧ್ಯಾಹ್ನ ಕೆಳಗಿನಿಂದ ಮಂಜು ಹತ್ತಿ ಬರುವುದುಂಟು, ಅಷ್ಟರೊಳಗೆ ವಾಪಸಾಗಿ ಎಂದಳು. ಬಾಗಿಲಿನ ಪಕ್ಕ ಬೋರ್ಡ್ ತೂಗುಹಾಕಿದೆ. 22 ಟ್ಯಾಗ್. ಎರಡು ಸಲ ಎಣಿಸಿದೆ.

11.45. ಸುತ್ತು ಮುಗಿಯಿತು. ಬಂದೆವು. ಉಸ್ಸಪ್ಪಾ! ಕಾಡು ಚೆಂದವೇ. ಆದರೆ ಮಂಗಗಳು, ನಾಯಿಯ ಮುಖದವು. ಬಂಡೆ ಮೇಲೆ ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದವು. ನಾನು ಲತೀಫನ ಜೊತೆ ಮುಂದೆ, ಹೆಂಗಸರು ನಡುವೆ, ಹಸನ್ ಕುಂಞಿ ಫೋಟೋ ತೆಗೆಯುತ್ತಾ ಎಲ್ಲರಿಗಿಂತ ಹಿಂದೆ. ಮ್ಯೂಸಿಯಂ ಒಳಗೆ ಹೆಂಗಸರ ನಗು ಕೇಳಿಸುತ್ತಿದೆ. ಗಹ್ವಾ, ಇಲ್ಲಿಯ ಕಾಫಿ, ಕುಡಿಯುತ್ತಿದ್ದಾರೆ.

12.00. ಬೋರ್ಡ್ ಖಾಲಿ. ಎಲ್ಲರೂ ಊರೊಳಗೆ.

12.20. ಮಸೀದಿಯಲ್ಲಿ ಬಾಂಗ್ ಆಯಿತು. ಊಟಕ್ಕೆ ಕೂತರು. ಅಮ್ಮಣ್ಣಿ ಇಲ್ಲ. ದೀಪ್ತಿ — ಖೋಬರಿನ ಜಿತೇಶನ ಹೆಂಡತಿ, ಅಮ್ಮಣ್ಣಿಯ ಜೊತೆ ನಡೆಯುತ್ತಿದ್ದವಳು — ಹೇಳುತ್ತಾಳೆ: "'ನೀನು ಹೋಗು ಮಗಾ, ಬರ್ತೇನೆ' ಅಂತ ಹೇಳಿ ಆಂಟಿ ಮರದ ಹಿಂದೆ ಹೋದ್ರು. ಗಂಡಸರಿಗೆ ಹೇಳಬೇಡ ಅಂದ್ರು. ಆಮೇಲೆ ಬಂದಿದ್ದಾರಲ್ಲ ಅಂಕಲ್, ಅವರ ಟ್ಯಾಗ್ ಇಲ್ಲವಲ್ಲ ಬೋರ್ಡಿನಲ್ಲಿ!" ಹಿಂದೆ ಇದ್ದ ಹಸನನೂ ಅವಳನ್ನು ಕಂಡಿಲ್ಲವಂತೆ. ಅವಳ ಫೋನ್ ಬಸ್ಸಿನಲ್ಲಿದೆ. ಅದರಲ್ಲಿ ಇಲ್ಲಿಯ ಸಿಮ್ಮೂ ಇಲ್ಲ.

12.25. ಬೆವರು ಒರೆಸಲು ಕರ್ಚೀಫಿಗೆ ಜೇಬಿಗೆ ಕೈ ಹಾಕಿದೆ. ಎರಡು ಟ್ಯಾಗ್.

7. 8.

12.30. ನಾನೇ. ಹೆಂಗಸರ ನಗು ಕೇಳಿ ಅವಳೂ ಒಳಗಿದ್ದಾಳೆ ಎಂದುಕೊಂಡಿದ್ದೆ. ಕೈ ಹೋಗಿದೆ. ಯಾವಾಗ ಹೋಯಿತೆಂದೂ ಗೊತ್ತಿಲ್ಲ.

ಲತೀಫ್ ಕೂಗುತ್ತಿದ್ದಾನೆ. "ಬೋರ್ಡ್ ಖಾಲಿ ಉಂಟು. ಬಂದು ಟ್ಯಾಗ್ ತೆಗೆದಿದ್ದಾರೆ. ಕಾಡಿನಲ್ಲಿಲ್ಲ, ಊರೊಳಗೇ ಇದ್ದಾರೆ. ಮನೆ ಮನೆ ನೋಡಿ!" ಹನೀನ್ ಕಾಡಿನ ಕಡೆ ಕೈ ತೋರಿಸಿದಳು. ಇವರು ಬೋರ್ಡ್ ತೋರಿಸಿದರು. ನನ್ನ ಬೋರ್ಡ್.

ಹೇಳಬೇಕು. ಈಗಲೇ ಹೇಳಬೇಕು. ಇಪ್ಪತ್ತು ಜನರ ಎದುರು, ನಿನ್ನೆ ಪಾಠ ಮಾಡಿದ ಬಾಯಿಯಿಂದ. ಸೀನನ ರಿಪೋರ್ಟ್ ಬರೆದದ್ದು ಇವರಿಗೆಲ್ಲ ಗೊತ್ತು. ಇನ್ನೈದು ನಿಮಿಷ ನೋಡುವಾ. ಬಂದೇ ಬರುತ್ತಾಳೆ. ಬಂದರೆ ಯಾರಿಗೂ ಗೊತ್ತಾಗುವುದಿಲ್ಲ.

12.40. ಬಾಗಿಲು ದಾಟಿ ಗೋಪುರದ ಕಡೆ ನಾಲ್ಕು ಹೆಜ್ಜೆ ಹೋದೆ. "ಅಲ್ಲಿಗೆ ಎಂತಕ್ಕೆ ದೇಜಪ್ಪಣ್ಣ? ಒಳಗೆ ನೋಡಿ, ಒಳಗೆ!" ಲತೀಫ್. ವಾಪಸ್ ಬಂದೆ. ಹೋಗಿದ್ದರೆ ಕಾರಣ ಹೇಳಬೇಕಾಗುತ್ತಿತ್ತು.

12.50. ನೀರಿನ ತೊಟ್ಟಿಗೆ ಟಾರ್ಚ್ ಹಾಕಿ ನೋಡಿದೆ. ಅಲ್ಲಿಲ್ಲ ಎಂದು ಗೊತ್ತಿದ್ದೂ ನೋಡಿದೆ. "ಅಮ್ಮಣ್ಣೀ" ಎಂದು ಖಾಲಿ ಮನೆಗಳೊಳಗೆ ಕೂಗಿದೆ. ಎಲ್ಲರೂ ನನ್ನ ಮುಖ ನೋಡಿ ಮರುಗುತ್ತಿದ್ದಾರೆ. 'ದೇಜಪ್ಪಣ್ಣ ಹುಡುಕಿದ ಸಮಯ ಬರೆದುಕೊಳ್ಳುತ್ತಿದ್ದಾರೆ, ಪಾಪ' ಎಂದುಕೊಂಡಿರಬೇಕು. ಬರೆಯುವುದು ನಿಲ್ಲಿಸಿದರೆ ಕಿರುಚುತ್ತೇನೇನೋ.

12.55. ಮಂಜು ಬಂತು. ಗೋಪುರ ಅರ್ಧ ಹೋಯಿತು.

1.00. ಗೋಪುರ ಇಲ್ಲ.

1.05. ಹಸನನನ್ನು ಗೋಡೆ ಮರೆಗೆ ಎಳೆದು ಎರಡೂ ಟ್ಯಾಗ್ ತೋರಿಸಿದೆ.

3.30. ಮಳೆ. ಆಲಿಕಲ್ಲು. ಸಿವಿಲ್ ಡಿಫೆನ್ಸಿನವರು ಬಂದಿದ್ದಾರೆ, ಹನೀನಳ ದೊಡ್ಡಪ್ಪನೂ ಎರಡು ನಾಯಿ ಕಟ್ಟಿಕೊಂಡು ಹೋಗಿದ್ದಾನೆ. ನನ್ನನ್ನು ಕಾಡಿಗೆ ಬಿಡುತ್ತಿಲ್ಲ. ಮಂಜಿನಲ್ಲಿ ಇನ್ನೊಬ್ಬ ಕಾಣೆಯಾಗುವುದು ಬೇಡವಂತೆ. ಬೋರ್ಡಿನ ಎಂಟನೇ ಮೊಳೆಗೆ ಆ ಟ್ಯಾಗ್ ಮತ್ತೆ ನೇತುಹಾಕಿದೆ. ಅದರ ಕೆಳಗೆ ಕೂತಿದ್ದೇನೆ. ಊರ ದೈವ ಪಂಜುರ್ಲಿ, ಗುಳಿಗ, ಉಳ್ಳಾಲದ ದರ್ಗಾ — ಬಾಯಿಗೆ ಬಂದ ಎಲ್ಲರಿಗೂ ಹೇಳಿಕೊಂಡೆ.

5.10. ಸಿಕ್ಕಿದಳು. ಉಸಿರುಂಟು.

ಏಪ್ರಿಲ್ 3, ಗುರುವಾರ. ಆಸ್ಪತ್ರೆ

ಬಲ ಪಾದದ ಗಂಟು ಮುರಿದಿದೆ. ಮೈ ಐಸಿನ ಹಾಗೆ ತಣ್ಣಗಾಗಿತ್ತಂತೆ. ಇನ್ನೊಂದು ಗಂಟೆ ಹೋಗಿದ್ದರೆ ಎಂದು ಡಾಕ್ಟರ್ ಶುರು ಮಾಡಿದರು, ಮುಗಿಸಲಿಲ್ಲ.

ಮೊನ್ನೆಯದ್ದು ಬರೆದಿಡಬೇಕು. ನಾನು ಟ್ಯಾಗ್ ತೋರಿಸಿದಾಗ ಹಸನ್ ಒಂದು ಗಳಿಗೆ ನನ್ನ ಮುಖ ನೋಡಿದ. 8 ನಂಬರಿನದ್ದನ್ನು ಕೈಯಿಂದ ಕಿತ್ತುಕೊಂಡ. ಸೀದಾ ಹೋಗಿ ಎಲ್ಲರೆದುರು ಎತ್ತಿ ಹಿಡಿದ.

"ನಾನು ತೆಗೆದದ್ದು. ಹಳೇ ಅಭ್ಯಾಸ, ಮರವಿನಲ್ಲಿ. ಅವರು ಬರಲೇ ಇಲ್ಲ. ಕಾಡಿಗೆ ನಡೀರಿ, ಯಲ್ಲಾ!"

ಲತೀಫ್ ಅವನ ಕಾಲರ್ ಹಿಡಿದ. ದೀಪ್ತಿ ಬೈದಳು. ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಇವತ್ತು ಆಸ್ಪತ್ರೆಯ ವರಾಂಡದಲ್ಲಿ ಹೇಳಿದ: "ನೀನು ಸೇಫ್ಟಿಯವ ಮಾರಾಯ. ನಿನ್ನ ಹೆಸರು ಹಾಳಾದರೆ ನಾಳೆ ನಿನ್ನ ಮಾತು ಯಾರು ಕೇಳ್ತಾರೆ? ನನಗೆಂತ, ನಾನು ಮೀಟರ್ ರಿಪೇರಿಯವ." ಆಮೇಲೆ ಕೇಳಿದ. "ನಿನಗೆ ಯಾವಾಗ ಗೊತ್ತಾದದ್ದು?"

"ಆಗಲೇ. ತೋರಿಸುವ ಒಂದು ನಿಮಿಷ ಮೊದಲು."

ತಲೆಯಾಡಿಸಿದ. ನಂಬಿದ.

ಏಪ್ರಿಲ್ 6, ಭಾನುವಾರ. ಜುಬೈಲ್

ಮನೆಗೆ ಬಂದೆವು. ಅಮ್ಮಣ್ಣಿ ಇವತ್ತು ಮೊದಲ ಸಲ ಎಲ್ಲ ಹೇಳಿದಳು. ಮರದ ಹಿಂದಿನಿಂದ ಬರುವಾಗ ಕಾಲು ಜಾರಿ ಕೆಳಗಿನ ಹಳೇ ಗದ್ದೆಯ ಕಟ್ಟೆಗೆ ಬಿದ್ದಳಂತೆ. ಏಳಲಾಗಲಿಲ್ಲ. ಕೂಗಿದಳು, ಗಾಳಿ ಆಚೆ ಹೊತ್ತೊಯ್ಯುತ್ತಿತ್ತು.

"ಬಾಂಗ್ ಕೇಳಿತು. ಆಗ ಆ ಗೋಪುರ ಚೆಂದ ಕಾಣ್ತಿತ್ತು ನೋಡಿ. ಇಲ್ಲಿಂದ ಆ ಮಸೀದಿಯಷ್ಟು ದೂರ. ಕೆಂಪು ಶಾಲು ತೆಗೆದು ಬೀಸಿದೆ. ಬೀಸಿ ಬೀಸಿ ಕೈ ಸೋತಿತು. ಇಪ್ಪತ್ತೈದು ಸಲ ಬೀಸುವುದು, ಸ್ವಲ್ಪ ನಿಲ್ಲಿಸುವುದು, ಪುನಃ ಇಪ್ಪತ್ತೈದು. ಹದಿನೆಂಟು ಕಟ್ಟು ಆಗಿತ್ತು, ಆಗ ಮಂಜು ಬಂತು. ಅಷ್ಟರೊಳಗೆ ಒಬ್ಬ, ಒಬ್ಬನೇ ಒಬ್ಬ ಗೋಪುರದ ಹತ್ತಿರ ಬಂದಿದ್ದರೂ ನಾನು ಕಾಣ್ತಿದ್ದೆ."

ನಾನು ಕಿಟಕಿಯ ಹೊರಗೆ ಮಸೀದಿಯನ್ನೇ ನೋಡುತ್ತಿದ್ದೆ.

"ಆಮೇಲೆ ಹೆದರಿಕೆ ಆಯ್ತು. ಮಂಗಗಳು ಸುತ್ತ ಬಂದು ಕೂತವು. ಮಂಜಿನಲ್ಲಿ ಬರೀ ಮುಖ. ಆದರೂ ಅಲ್ಲಾಡಲಿಲ್ಲ ನಾನು. ನೀವು ಹೇಳಿದ್ದಲ್ವಾ. ನನ್ನ ಟ್ಯಾಗ್ ಅಲ್ಲಿ ನೇತಾಡ್ತಾ ಉಂಟು, ಇವರು ಎಣಿಸ್ತಾರೆ, ಇವರು ಬಂದೇ ಬರ್ತಾರೆ ಅಂತ ಹೇಳಿಕೊಂಡು ಕೂತೆ."

ಎದ್ದು ಬಚ್ಚಲಿಗೆ ಹೋದೆ. ನಲ್ಲಿ ಬಿಟ್ಟು ಅತ್ತೆ.

ಏಪ್ರಿಲ್ 16, ಬುಧವಾರ

ಹತ್ತು ದಿನ ಬರೆಯಲಿಲ್ಲ. ಈ ಪುಸ್ತಕ ಮುಟ್ಟಲು ಹೆದರಿಕೆ. ಏಪ್ರಿಲ್ 1ರ ಪುಟ ಇದರೊಳಗಿದೆ. ಸಮಯ ಸಮೇತ, ನನ್ನದೇ ಅಕ್ಷರದಲ್ಲಿ. ಮೊನ್ನೆ ಹರಿದು ಹಾಕಲು ಹೊರಟವನು ಹರಿಯಲಿಲ್ಲ. ಬರೆದಿಟ್ಟ ದಾಖಲೆ ಹರಿಯಬಾರದು. ಅದೂ ನಾನೇ ಕಲಿಸಿದ ಪಾಠ.

ಅಮ್ಮಣ್ಣಿಗೆ ಒಬ್ಬಳೇ ಇರಲು ಆಗುವುದಿಲ್ಲ. ಬಚ್ಚಲಿಗೆ ಹೋದರೆ ನಾನು ಹೊರಗೆ ನಿಂತು ಮಾತಾಡುತ್ತಿರಬೇಕು. ಮಾತು ನಿಂತರೆ ಕೂಗುತ್ತಾಳೆ. ಹಗಲು ನಾನು ಪ್ಲಾಂಟಿನಲ್ಲಿದ್ದಾಗ ಪಕ್ಕದ ಮನೆಯ ಆಮಿನತ್ ಬಂದು ಕೂರುತ್ತಾಳೆ. ಊಟ ಸೇರುವುದಿಲ್ಲ. ಗಟ್ಟಿಮುಟ್ಟಾಗಿದ್ದ ಹೆಂಗಸು.

ಆದರೆ ಸಿಟ್ಟು ಮಾತ್ರ ಗಟ್ಟಿ ಉಂಟು. ಹಸನಣ್ಣ ಎಂದು ಬಾಯ್ತುಂಬ ಕರೆಯುತ್ತಿದ್ದವಳು ಈಗ "ಆ ಮನುಷ್ಯ" ಎನ್ನುತ್ತಾಳೆ. ಸಂಜೆ ಅವನು ಬಂದಿದ್ದ. ಖರ್ಜೂರದ ಡಬ್ಬಿ ತಂದಿದ್ದ. ಇವಳು ಊರುಗೋಲು ಕುಟ್ಟುತ್ತಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಮುಚ್ಚಿದರೆ ಜೀವ ಹೋಗುವವಳು, ಅವನ ಮುಖ ನೋಡಬಾರದೆಂದು ಮುಚ್ಚಿಕೊಂಡಳು.

"ಇರಲಿ ಬಿಡು. ಪೆಟ್ಟು ತಿಂದವರಲ್ವಾ" ಎಂದ ಹಸನ್. ಚಾ ಕುಡಿಯದೆ ಹೋದ. ಹನ್ನೊಂದು ವರ್ಷ ಒಂದೇ ರೂಮಿನಲ್ಲಿ ಮಲಗಿದವನು. ನನಗೆ ಟೈಫಾಯ್ಡ್ ಆದಾಗ ಗಂಜಿ ಕುಡಿಸಿದವನು.

ಅವನು ಹೋದ ಮೇಲೆ ಅವಳು: "ಸೀನನನ್ನು ಮಾತ್ರ ಊರಿಗೆ ಕಳಿಸುವುದಾ? ಈ ಮನುಷ್ಯನಿಗೆ ಎಂತ ಶಿಕ್ಷೆಯೂ ಇಲ್ಲವಾ? ನೀವೇ ಹೇಳಿದ್ದು, ಟ್ಯಾಗ್ ತೆಗೆದ ಕೈ ಕುತ್ತಿಗೆ ಹಿಸುಕಿದ ಕೈ ಅಂತ. ನನ್ನ ಕುತ್ತಿಗೆ ಹಿಸುಕಿದ ಕೈಗೆ ಚಾ ಕೊಡಬೇಕಾ ನಾನು?"

ನನ್ನ ಕೈ ನನ್ನ ಮಡಿಲಲ್ಲೇ ಇತ್ತು. ಅವಳು ನೋಡುತ್ತಾಳೇನೋ ಎಂದು ಬೆನ್ನ ಹಿಂದೆ ಇಟ್ಟುಕೊಂಡೆ.

ಏಪ್ರಿಲ್ 17, ಗುರುವಾರ. ಮಧ್ಯಾಹ್ನ 3

ಸೀನ ಇವತ್ತು ಆಫೀಸಿಗೆ ಬಂದ. ಟೋಪಿ ಕೈಯಲ್ಲಿ. ಬೇಡುತ್ತಾನೆ ಎಂದುಕೊಂಡೆ. ಬೇಡಲಿಲ್ಲ.

"ಅಣ್ಣಾ, ಅಕ್ಕನ ಸುದ್ದಿ ಕೇಳಿದೆ. ಅದರ ಮೇಲೆ ನನಗೂ ನಿದ್ದೆ ಇಲ್ಲ. ಅತೀಕಿಗೂ ಹೀಗೇ ಆಗ್ತಿತ್ತಲ್ಲ ನನ್ನಿಂದ. ನೀವು ಬರೆದದ್ದು ಸರಿ. ಭಾನುವಾರ ಒಪ್ಪಿಕೊಳ್ತೇನೆ."

ಒಪ್ಪಿಕೊಳ್ಳುತ್ತಾನಂತೆ. ಅವನಿಗೆ ಸಾಧ್ಯ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಮ್ಮಂಥವರನ್ನು ನೋಡಿಯೇ ಗಾದೆ ಕಟ್ಟಿದ್ದು.

ಹೊರಗೆ ಬಂದು ಬೋರ್ಡ್ ಎದುರು ನಿಂತೆ. 38 ಟ್ಯಾಗ್. ಎಣಿಸಲು ಆಗಲಿಲ್ಲ. ಹತ್ತಕ್ಕೆ ತಪ್ಪಿತು, ಮತ್ತೆ ಶುರು ಮಾಡಿದೆ, ಎಂಟಕ್ಕೇ ತಪ್ಪಿತು. ನಾನು ಎಣಿಸಿದ್ದನ್ನು ನಂಬಿ ಮೂವತ್ತೆಂಟು ಜನ ಒಳಗೆ ಕೆಲಸ ಮಾಡುತ್ತಿದ್ದಾರೆ.

ಹಸನನಿಗೆ ಫೋನ್ ಮಾಡಿದೆ. ನಾಳೆ ಜುಮಾ ಮುಗಿಸಿ ಊಟಕ್ಕೆ ಬಾ. "ಬೇಡ ಮಾರಾಯ, ಅವರಿಗೆ ಸುಮ್ಮನೆ ಬೇಜಾರು." ಬರಲೇಬೇಕು ಎಂದೆ.

ಏಪ್ರಿಲ್ 18, ಶುಕ್ರವಾರ. 12.10

ಹಸನ್ ಬರುತ್ತಾನೆಂದು ಹೇಳಿದೆ. ಅಮ್ಮಣ್ಣಿಗೆ ಕೆಂಡದಂಥ ಸಿಟ್ಟು. "ಬರಲಿ. ಬಡಿಸುವುದು ನೀವೇ. ನಾನು ರೂಮಿನಿಂದ ಹೊರಗೆ ಬರುವವಳಲ್ಲ." ಆದರೂ ಬಂಗುಡೆ ಸಾರು ಅವಳೇ ಕುದಿಸಿದ್ದಾಳೆ, ಕುರ್ಚಿಯಲ್ಲಿ ಕೂತು.

ಬೆಳಿಗ್ಗೆಯಿಂದ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬೇರೆ ಮಾತು ಬಂತು. ಉಪ್ಪು ಸಾಕಾ ಎಂದು ಕೇಳಿದೆ. ನನ್ನ ಬಾಯಿ ನನಗೆ ಗೊತ್ತು. ಟ್ಯಾಗ್ ತೆಗೆದದ್ದು ನಾನು ಎಂಬಷ್ಟನ್ನು ಹೇಳೀತು. ಕೈ ತಪ್ಪಿ ಎಂದು ಸೇರಿಸೀತು. ಅವಳು ಅತ್ತು, ಬೈದು, ಒಂದು ದಿನ ಮರೆತಾಳು. ಗೊತ್ತಿದ್ದೂ ಹೇಳದ ಆ ಹದಿನೆಂಟು ಕಟ್ಟಿನ ಲೆಕ್ಕ ಮಾತ್ರ ನನ್ನೊಳಗೇ ಉಳಿದೀತು.

ಅದಕ್ಕೆ ಬಾಯಿ ಬೇಡ. ಈ ಪುಸ್ತಕವನ್ನೇ ಅವಳ ಕೈಗೆ ಕೊಡುತ್ತೇನೆ. ಸೀನನ ವಿಚಾರಣೆಗೆ ಭಾನುವಾರ ನಾನೂ ಹೋಗಿ ನನ್ನದನ್ನು ಹೇಳುವುದು ಆಮೇಲಿನ ಮಾತು. ಮೊದಲು ಇದು.

12.35. ಬೆಲ್ ಆಯಿತು. ಹಸನ್. ಒಂದು ನಿಮಿಷ ನಿಲ್ಲು ಮಾರಾಯ ಎಂದು ಬಾಗಿಲಾಚೆಗೆ ಕೂಗಿದೆ. ಅಮ್ಮಣ್ಣಿ ಊರುಗೋಲು ಹಿಡಿದು ರೂಮಿಗೆ ಹೊರಟಿದ್ದಾಳೆ. "ಎಂತ ಅದು, ಯಾವಾಗಲೂ ಬರೆಯುವುದು?" ಎಂದು ಕೇಳಿದಳು. ಓದು ಎಂದೆ. ಕನ್ನಡಕ ಹುಡುಕುತ್ತಿದ್ದಾಳೆ. ಸಿಕ್ಕಿದ ಕೂಡಲೇ ಕೊಟ್ಟುಬಿಡುತ್ತೇನೆ.

ಅಮ್ಮಣ್ಣಿ, ಏಪ್ರಿಲ್ 1ರ ಪುಟದಿಂದ ಶುರು ಮಾಡು. ಹಸನ್ ಅಲ್ಲ. ನೀನು ಶಾಲು ಬೀಸುತ್ತಿದ್ದಾಗ, 12.25ರಿಂದ 1.05ರವರೆಗೆ, ನಿನ್ನ ಟ್ಯಾಗ್ ನನ್ನ ಜೇಬಿನಲ್ಲಿತ್ತು, ನನಗೆ ಗೊತ್ತಿದ್ದೂ ನಾನು —